ಸಣ್ಣ ಎಂಎಂಎ ಶೋ: ಕುರ್ಚಿ ತುಂಬಿಸುವ ಕೆಲಸ ಎಲ್ಲಿಂದ ಶುರುವಾಗಬೇಕು

ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಎಂಎಂಎ (ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್) ನೋಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಭಾನುವಾರ ಬೆಳಿಗ್ಗೆ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ ಯುಎಫ್‌ಸಿಯ ಫೈಟ್‌ಗಳಿಗಾಗಿಯೇ ಬೇಗ ಏಳುವ ಹುಡುಗರು ಬೆಂಗಳೂರಿನಲ್ಲೂ ಇದ್ದಾರೆ, ಹುಬ್ಬಳ್ಳಿಯಲ್ಲೂ ಇದ್ದಾರೆ. ಆದರೆ ತಮ್ಮ ಊರಿನ ಹಾಲ್‌ನಲ್ಲಿ ಶನಿವಾರ ಸಂಜೆ ಹತ್ತು ಫೈಟ್ ಇದೆ ಎಂದರೆ ಅವರೇ ನಾನೂರು ರೂಪಾಯಿ ಬಿಚ್ಚುವುದಿಲ್ಲ. "ನಮ್ಮ ಜನಕ್ಕೆ ಕ್ರಿಕೆಟ್ ಒಂದೇ ಸಾಕು" ಎಂದು ಶೋ ನಡೆಸುವ ಪ್ರಮೋಟರ್‌ಗಳು ಸಮಾಧಾನ ಮಾಡಿಕೊಳ್ಳುತ್ತಾರೆ. ಜಾತ್ರೆಯ ಕುಸ್ತಿ ನೋಡಲು ಮಟ್ಟಿಯ ಸುತ್ತ ಜನ ಕಿಕ್ಕಿರಿಯುವ ನಾಡಿನಲ್ಲಿ ಈ ಮಾತು ನಿಲ್ಲುವುದಿಲ್ಲ.

ಕಾರಣ ಬೇರೆ ಇದೆ. ಯುಎಫ್‌ಸಿ ನೋಡುವವನು ಜಗತ್ತಿನ ಅತ್ಯುತ್ತಮ ಫೈಟರ್‌ಗಳನ್ನು ಮನೆಯಲ್ಲೇ ಕೂತು ನೋಡುತ್ತಾನೆ. ಆಟದ ಮಟ್ಟದಲ್ಲಿ ಸಣ್ಣ ಶೋ ಅದಕ್ಕೆ ಎಂದೂ ಸಮ ಬಾರದು. ಲೈಟು, ಹೊಗೆ, ಡಿಜೆ ಹಾಕಿ ಸಮ ಮಾಡಲು ಹೋದಷ್ಟೂ ಕೊರತೆ ಎದ್ದು ಕಾಣುತ್ತದೆ. ಸಣ್ಣ ಶೋ ಮಾರಬಹುದಾದದ್ದು ಒಂದೇ, ಪ್ರೇಕ್ಷಕನಿಗೆ ಗುರುತಿರುವ ಫೈಟರ್: ಪಕ್ಕದ ಬೀದಿಯವನು, ಕಾಲೇಜಿನ ಜೂನಿಯರ್, ಅದೇ ಜಿಮ್ಮಿನಲ್ಲಿ ಬೆವರು ಸುರಿಸುವ ಹುಡುಗಿ. ಇದನ್ನು ಒಪ್ಪಿಕೊಂಡರೆ ಹಾಲ್ ಹುಡುಕುವುದರಿಂದ ಟಿಕೆಟ್ ಬೆಲೆಯವರೆಗೆ ಎಲ್ಲ ತೀರ್ಮಾನವೂ ಬದಲಾಗುತ್ತದೆ.

ದೊಡ್ಡ ಹೆಸರಿಗೆ ಹಣ ಹಾಕುವ ಮೊದಲು

2006ರ ಮಾರ್ಚ್ 10ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಸ್ಟ್ರೈಕ್‌ಫೋರ್ಸ್ ಎಂಬ ಸಂಸ್ಥೆ ತನ್ನ ಮೊದಲ ಎಂಎಂಎ ಶೋ ನಡೆಸಿತು. ಬಂದವರು 18,265 ಜನ. ಉತ್ತರ ಅಮೆರಿಕದ ಎಂಎಂಎಗೆ ಆಗ ಅದು ದಾಖಲೆ. ಪ್ರಮೋಟರ್ ಸ್ಕಾಟ್ ಕೋಕರ್ ಅದಕ್ಕೂ ಎರಡು ದಶಕ ಮೊದಲಿನಿಂದ ಅದೇ ಪ್ರದೇಶದಲ್ಲಿ ಕಿಕ್‌ಬಾಕ್ಸಿಂಗ್ ಪಂದ್ಯ ನಡೆಸಿಕೊಂಡು ಬಂದಿದ್ದರು. ಮೇನ್ ಇವೆಂಟ್‌ನ (ಕೊನೆಯ, ಮುಖ್ಯ ಫೈಟ್‌ನ) ಫ್ರ್ಯಾಂಕ್ ಶಾಮ್ರಾಕ್ ಆ ಊರಿಗೆ ಗೊತ್ತಿದ್ದವನು. ಅಂದೇ ಮೊದಲ ಎಂಎಂಎ ಫೈಟ್ ಆಡಿದ ಕುಂಗ್ ಲೀ ಕೂಡ ಅಲ್ಲಿಯವನೇ. ಊರಿನ ದೊಡ್ಡ ವಿಯೆಟ್ನಾಮೀ ಸಮುದಾಯ ಅವನ ಬೆನ್ನಿಗಿತ್ತು. ಮೇನ್ ಇವೆಂಟ್ 21 ಸೆಕೆಂಡಿಗೆ ಮುಗಿದುಹೋಯಿತು. ಆದರೂ ಸ್ಟ್ರೈಕ್‌ಫೋರ್ಸ್ ಅಲ್ಲೇ ಬೇರು ಬಿಟ್ಟಿತು.

ಅದೇ ಕ್ಯಾಲಿಫೋರ್ನಿಯಾದಲ್ಲಿ ಅಫ್ಲಿಕ್ಷನ್ ಎಂಬ ಬಟ್ಟೆ ಕಂಪನಿ 2008ರಲ್ಲಿ ಎಂಎಂಎಗೆ ಇಳಿಯಿತು. ಫೆಡರ್ ಎಮಿಲಿಯಾನೆಂಕೊನಂಥ ಹೆವಿವೇಯ್ಟ್‌ಗಳನ್ನು ಭಾರಿ ಸಂಭಾವನೆ ಕೊಟ್ಟು ಕರೆತಂದು ಎರಡು ಶೋ ಮಾಡಿತು. 2009ರ ಆಗಸ್ಟಿನ ಮೂರನೆಯ ಶೋಗೆ ಫೆಡರ್‌ನ ಎದುರಾಳಿ ಜಾಶ್ ಬಾರ್ನೆಟ್ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಒಂದು ಹೆಸರು ಬಿದ್ದಕೂಡಲೇ ಶೋ ರದ್ದಾಯಿತು, ಪ್ರಮೋಷನ್ನೇ ಮುಚ್ಚಿತು. ನಮ್ಮಲ್ಲೂ 2012ರ ಮಾರ್ಚ್ 11ರಂದು ಮುಂಬೈನಲ್ಲಿ ಸೂಪರ್ ಫೈಟ್ ಲೀಗ್ ಶುರುವಾದದ್ದು ಬಾಬ್ ಸ್ಯಾಪ್ ಮತ್ತು ಜೇಮ್ಸ್ ಥಾಂಪ್ಸನ್ ಎಂಬ ಇಬ್ಬರು ವಿದೇಶಿಯರ ಮೇನ್ ಇವೆಂಟ್‌ನಿಂದ. ಸ್ಯಾಪ್ ಮೊದಲ ಸುತ್ತಿನಲ್ಲೇ ಕಾಲಿನ ನೋವಿನಿಂದ ಸೋಲೊಪ್ಪಿದ. ಅಂದು ಟಿಕೆಟ್ ಕೊಂಡವನಿಗೆ ಮುಂದಿನ ಶೋಗೆ ಬರಲು ಯಾರ ನೆಂಟಸ್ತಿಕೆ ಉಳಿಯಿತು?

ಹೊರಗಿನ ಹೆಸರಿಗೆ ವಿಮಾನ, ಹೋಟೆಲ್, ಸಂಭಾವನೆ ಎಂದು ಸುರಿಯುವ ಹಣದಲ್ಲಿ ಊರಿನ ಹತ್ತು ಫೈಟರ್‌ಗಳಿಗೆ ಮರ್ಯಾದೆಯ ಪರ್ಸ್ (ಫೈಟಿನ ಸಂಭಾವನೆ) ಕೊಡಬಹುದು. ಕಾರ್ಡಿನ, ಅಂದರೆ ಅಂದಿನ ಫೈಟ್‌ಗಳ ಪಟ್ಟಿಯ, ಮೇಲ್ತುದಿಯಲ್ಲಿ ಊರಿನವರೇ ಇರಲಿ. ಹೊರಗಿನವರು ಬೇಕಾದರೆ ಅವರ ಎದುರಾಳಿಗಳಾಗಿ ಬರಲಿ.

ಫೈಟರ್ ಎಣಿಸಿ, ಆಮೇಲೆ ಹಾಲ್ ನೋಡಿ

ಹೆಚ್ಚಿನವರು ಹಾಲ್ ಬುಕ್ ಮಾಡಿ ಆಮೇಲೆ ಅದನ್ನು ತುಂಬಿಸಲು ಹೊರಡುತ್ತಾರೆ. ಕ್ರಮ ತಿರುಗಿಸಿ. ಹತ್ತು ಫೈಟ್ ಎಂದರೆ 20 ಫೈಟರ್. ಅವರಲ್ಲಿ 14 ಜನ ಊರಿನವರಾಗಿದ್ದು ತಲಾ 20 ಟಿಕೆಟ್ ಮಾರಿದರೆ 280. ಹೊರಗಿನ ಆರು ಜನ ತಲಾ ಮೂರು ಮಾರಿದರೆ 18. ಸ್ಥಳೀಯ ಜಿಮ್‌ಗಳ ಉಳಿದ ವಿದ್ಯಾರ್ಥಿಗಳು, ಆನ್‌ಲೈನ್‌ನಲ್ಲಿ ಕೊಳ್ಳುವವರು ಸೇರಿ ಇನ್ನೊಂದು ನೂರು. ಒಟ್ಟು ಸುಮಾರು 400. ಹಾಗಿದ್ದರೆ ನಿಮಗೆ ಬೇಕಾದದ್ದು 500 ಕುರ್ಚಿಯ ಹಾಲ್. ಸಾವಿರಾರು ಜನ ಹಿಡಿಯುವ ಒಳಾಂಗಣ ಕ್ರೀಡಾಂಗಣದಲ್ಲಿ ಅದೇ 400 ಜನ ಕೂತರೆ ಕ್ಯಾಮೆರಾ ಎತ್ತ ತಿರುಗಿದರೂ ಖಾಲಿ ಕುರ್ಚಿ. ಆ ವಿಡಿಯೊ ನೋಡಿದ ಸ್ಪಾನ್ಸರ್ ಮುಂದಿನ ಸಲ ಫೋನ್ ಎತ್ತುವುದಿಲ್ಲ.

ಎಣಿಕೆ ಮಾಡುವಾಗ ಕೋಚ್ ಬಳಿ "ನಿಮ್ಮ ಕಡೆಯಿಂದ ಎಷ್ಟು ಜನ ಬರ್ತಾರೆ ಸರ್?" ಎಂದು ಕೇಳಬೇಡಿ; ಎಲ್ಲರೂ ನೂರು ಎನ್ನುತ್ತಾರೆ. "ಹೋದ ಸಲ ಎಷ್ಟು ಟಿಕೆಟ್ ದುಡ್ಡು ಕಟ್ಟಿದ್ದಿರಿ?" ಎಂದು ಕೇಳಿ. ಇನ್ನೊಂದು ಸೂಕ್ಷ್ಮವಿದೆ. ಫೈಟರ್ ಅತಿ ಹೆಚ್ಚು ಟಿಕೆಟ್ ಮಾರುವುದು ತನ್ನ ಮೊದಲ ಫೈಟ್‌ಗೆ. ಅಣ್ಣ, ಮಾವ, ಆಫೀಸಿನವರು, ಹಳೆಯ ಕ್ಲಾಸ್‌ಮೇಟ್‌ಗಳು ಎಲ್ಲರೂ ಬರುತ್ತಾರೆ. ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕೆಲವರು. ಗೆಲ್ಲುತ್ತ ಹೋಗಿ ಗುರುತಿಲ್ಲದವರನ್ನೂ ಸೆಳೆಯುವ ಫೈಟರ್ ಸಿಗುವುದು ಅಪರೂಪ. ಮೊದಲ ಶೋ ತುಂಬಿ ಮೂರನೆಯದು ಬಣಗುಡುವುದಕ್ಕೆ ಇದೇ ಕಾರಣ. ಆದ್ದರಿಂದ ಪ್ರತಿ ಕಾರ್ಡಿನಲ್ಲೂ ನಾಲ್ಕೈದು ಹೊಸಬರ ಅಮೆಚೂರ್ ಫೈಟ್ ಇರಲೇಬೇಕು.

ಹಾಲ್‌ನಲ್ಲಿ ನೋಡಬೇಕಾದ ಮೊದಲ ವಿಷಯ ಕಣ್ಣಿಗೆ ಏನು ಬೀಳುತ್ತದೆ ಎಂಬುದು. ಎಂಎಂಎಯ ಸಾಮಾನ್ಯ ನಿಯಮಾವಳಿಯಾದ ಯೂನಿಫೈಡ್ ರೂಲ್ಸ್ ಪ್ರಕಾರ ಕೇಜ್ (ಫೈಟ್ ನಡೆಯುವ ಜಾಲರಿ ಸುತ್ತಿದ ಅಂಕಣ) 18ರಿಂದ 32 ಅಡಿ ಅಗಲವಿರಬಹುದು, ವೇದಿಕೆ ನೆಲದಿಂದ ನಾಲ್ಕು ಅಡಿ ಮೀರಬಾರದು. 24 ಅಡಿಯ ಕೇಜ್ ಸಣ್ಣ ಹಾಲ್‌ಗೆ ಸರಿಹೋಗುತ್ತದೆ. ಅಂಚು, ಮೆಟ್ಟಿಲು, ಜಡ್ಜ್‌ಗಳ ಮೇಜು, ಡಾಕ್ಟರ್ ಓಡಾಡುವ ದಾರಿ ಸೇರಿ 36×36 ಅಡಿ ಜಾಗ ಬಿಡಿ. ಕಲ್ಯಾಣ ಮಂಟಪದಂಥ ಸಮತಟ್ಟು ನೆಲದಲ್ಲಿ ಐದಾರು ಸಾಲಿನ ಹಿಂದೆ ಕೂತವನಿಗೆ ಫೈಟ್ ನೆಲಕ್ಕೆ ಬಿದ್ದಕೂಡಲೇ ಮುಂದಿನವರ ತಲೆ, ಕೇಜಿನ ಜಾಲರಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಾಣದವನು ಮೊಬೈಲ್ ತೆಗೆಯುತ್ತಾನೆ, ಅರ್ಧಕ್ಕೆ ಎದ್ದು ಹೋಗುತ್ತಾನೆ. ಬಾಲ್ಕನಿಯೋ ಮೆಟ್ಟಿಲು ಗ್ಯಾಲರಿಯೋ ಇರುವ ಹಾಲ್ ಹುಡುಕಿ. ಇಲ್ಲದಿದ್ದರೆ ಹಿಂದಿನ ಸಾಲುಗಳಿಗೆ ಒಂದೂವರೆ ಅಡಿ ಎತ್ತರದ ಅಟ್ಟಣೆ ಹಾಕಿಸಿ, ಎರಡು ಎಲ್‌ಇಡಿ ಪರದೆ ಇಡಿ. ಡಿಜೆಯ ಹಣ ಇಲ್ಲಿಗೆ ತಿರುಗಲಿ. ಕೇಜಿನ ಮೇಲೆ ಟ್ರಸ್ (ಲೋಹದ ಚೌಕಟ್ಟು) ಕಟ್ಟಿ ಲೈಟು ತೂಗಹಾಕಬೇಕಾದ್ದರಿಂದ ಚಾವಣಿ 18 ಅಡಿಯಾದರೂ ಇರಬೇಕು.

ಜೋಡಿ ಕಟ್ಟುವುದು

ಮೈಸೂರು ದಸರಾ ಕುಸ್ತಿಗೆ ಮುಂಚೆಯೇ ಪೈಲ್ವಾನರನ್ನು ಕರೆಸಿ ಎಲ್ಲರೆದುರು ಜೋಡಿ ಕಟ್ಟುತ್ತಾರೆ. ಯಾರಿಗೆ ಯಾರು ಎಂಬುದು ಅಂದಿನಿಂದಲೇ ಗರಡಿಗಳಲ್ಲಿ ಮಾತಾಗುತ್ತದೆ. ಸಣ್ಣ ಎಂಎಂಎ ಶೋಗಳಲ್ಲಿ ಪೂರ್ತಿ ಕಾರ್ಡ್ ಹೊರಬೀಳುವುದು ಎಷ್ಟೋ ಸಲ ಫೈಟಿಗೆ ನಾಲ್ಕು ದಿನ ಇರುವಾಗ. ಮಾತು ಹುಟ್ಟಲು ಸಮಯವೇ ಇರುವುದಿಲ್ಲ. ಆರು ವಾರ ಮೊದಲು ಮುಖ್ಯವಾದ ಐದು ಜೋಡಿ, ನಾಲ್ಕು ವಾರ ಮೊದಲು ಉಳಿದದ್ದು ಪ್ರಕಟವಾಗಬೇಕು. ಪ್ರತಿ ಫೈಟರ್‌ಗೂ ಪ್ರತ್ಯೇಕ ಪೋಸ್ಟರ್ ಮಾಡಿಸಿ: ದೊಡ್ಡ ಫೋಟೊ, ಜಿಮ್ಮಿನ ಹೆಸರು, ಊರಿನ ಹೆಸರು, ಕನ್ನಡದಲ್ಲಿ. ಊರಿನ ಹೆಸರು ಬಿಡಲೇಬೇಡಿ. ಹತ್ತು ಮುಖ ತುರುಕಿದ ಒಂದೇ ಪೋಸ್ಟರನ್ನು ಯಾರೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಳ್ಳುವುದಿಲ್ಲ.

ಸಮ ಜೋಡಿ ಕಟ್ಟಿ. ಊರಿನ ಹುಡುಗನ ಮುಂದೆ ಬಡಪಾಯಿಯೊಬ್ಬನನ್ನು ನಿಲ್ಲಿಸಿ 40 ಸೆಕೆಂಡಿನಲ್ಲಿ ಗೆಲ್ಲಿಸಿದರೆ ಅವನ ಗೆಳೆಯರು ಒಂದು ಸಲ ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಆ ಗೆಲುವನ್ನು ನಂಬುವುದಿಲ್ಲ. ಮೊದಲ ಫೈಟ್ ಆಡುವವನಿಗೆ ಮೊದಲ ಫೈಟ್‌ನವನೇ ಇರಲಿ. ಮೂರು ಗೆದ್ದವನಿಗೆ ಎರಡು ಮೂರು ಗೆದ್ದವನು. ಒಂದೇ ಊರಿನ ಎರಡು ಜಿಮ್‌ಗಳ ನಡುವಿನ ಜೋಡಿಗೆ ಬೆಲೆ ಹೆಚ್ಚು, ಏಕೆಂದರೆ ಎರಡೂ ಕಡೆಯವರು ಟಿಕೆಟ್ ಕೊಳ್ಳುತ್ತಾರೆ.

ಕಾರ್ಡಿನ ಅನುಕ್ರಮದಲ್ಲಿ ತುಂಬ ಜನ ಎಡವುತ್ತಾರೆ. ತಮ್ಮ ಹುಡುಗನ ಫೈಟ್ ಮುಗಿದಕೂಡಲೇ ಅವನ 30 ಜನ ಎದ್ದು ಹೊರಗೆ ಬಂದು ಸೆಲ್ಫಿ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಹೆಚ್ಚು ಟಿಕೆಟ್ ಮಾರಿದವರನ್ನೆಲ್ಲ ಮೊದಲಿಗೇ ಆಡಿಸಿದರೆ ಮೇನ್ ಇವೆಂಟ್ ಹೊತ್ತಿಗೆ ಹಾಲ್ ಅರ್ಧ ಖಾಲಿ. ಅವರನ್ನು 2, 4, 6, 8, 10ನೇ ಫೈಟ್‌ಗಳಿಗೆ ಹಂಚಿ. ಒಂದೇ ಜಿಮ್ಮಿನ ಇಬ್ಬರಿದ್ದರೆ ಒಬ್ಬರು ವಿರಾಮದ ಮೊದಲು, ಒಬ್ಬರು ನಂತರ. ಗೆದ್ದ ಫೈಟರ್ ಬಟ್ಟೆ ಬದಲಿಸಿ ತನ್ನವರ ಜೊತೆ ಬಂದು ಕೂರಲು ಕುರ್ಚಿ ಕಾದಿಡಿ. ಅವನು ಒಳಗೇ ಕೂತರೆ ಅವನ ಜನ ಹೊರಗೆ ಹೋಗುವುದಿಲ್ಲ.

ಫೈಟ್ ಬಿದ್ದುಹೋಗುವುದಂತೂ ಗ್ಯಾರಂಟಿ. ಕೊನೆಯ ವಾರ ಒಬ್ಬನಿಗೆ ಪಕ್ಕೆಲುಬು ನೋವು, ಇನ್ನೊಬ್ಬನಿಗೆ ರಜೆ ಸಿಗಲಿಲ್ಲ, ಮತ್ತೊಬ್ಬ ತೂಕಕ್ಕೆ ಮೂರು ಕೆಜಿ ಹೆಚ್ಚು. ಅದಕ್ಕಾಗಿ 12 ಜೋಡಿ ಕಟ್ಟಿ 10ರ ಲೆಕ್ಕ ಇಟ್ಟುಕೊಳ್ಳಿ. ಹೆಚ್ಚು ಜನ ಸಿಗುವ 61.2, 65.8, 70.3 ಕೆಜಿ ವಿಭಾಗಗಳಲ್ಲಿ ತಲಾ ಒಬ್ಬ ಮೀಸಲು ಫೈಟರ್‌ಗೆ ಸಣ್ಣ ಮೊತ್ತ ಕೊಟ್ಟು ಸಿದ್ಧ ಇರಿಸಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆಯ ವರದಿ ಮೂರು ವಾರ ಮೊದಲೇ ಕೈಸೇರಬೇಕು. ತೂಕದ ದಿನ ಕೇಳಿದರೆ ಬದಲಿ ಹುಡುಕಲು ಹೊತ್ತಿರುವುದಿಲ್ಲ. 40 ಟಿಕೆಟ್ ಮಾರಿದವನ ಎದುರಾಳಿ ಬರದಿದ್ದರೆ ಏನು ಮಾಡಬೇಕು ಎಂಬುದು ಬರವಣಿಗೆಯಲ್ಲಿ ಮುಂಚೆಯೇ ಇರಲಿ: ಮೀಸಲು ಫೈಟರ್ ಜೊತೆ ಆಟ, ಅದೂ ಆಗದಿದ್ದರೆ ಅವನ ಹೆಸರಿನ ಟಿಕೆಟ್‌ಗಳಿಗೆ ಪೂರ್ತಿ ಹಣ ವಾಪಸ್. ಹಣ ತಡೆದರೆ ಆ 40 ಜನ ಎಂದೂ ತಿರುಗಿ ಬರುವುದಿಲ್ಲ.

ಫೈಟರ್ ಕೈಯಲ್ಲಿ ಟಿಕೆಟ್

ಅಮೆರಿಕ, ಬ್ರಿಟನ್ನಿನ ಸಣ್ಣ ಶೋಗಳು ನಿಂತಿರುವುದೇ ಫೈಟರ್ ಮಾರುವ ಟಿಕೆಟ್ ಮೇಲೆ. ಅಲ್ಲಿ ಕೆಲವರು ಇದನ್ನು ಎಷ್ಟು ಹಿಂಡಿದ್ದಾರೆಂದರೆ, ಪರ್ಸ್ ಇಲ್ಲ, ಕಮಿಷನ್ನೇ ಸಂಬಳ. ಫೈಟ್ ವಾರದಲ್ಲಿ ತೂಕ ಇಳಿಸಬೇಕಾದವನು ಟಿಕೆಟ್ ಹಿಡಿದು ಮನೆಮನೆ ಸುತ್ತುತ್ತಾನೆ, ಕೇಜಿಗೆ ಸುಸ್ತಾಗಿ ಬರುತ್ತಾನೆ. ಇದು ಅನ್ಯಾಯ, ಆಟಕ್ಕೂ ಕೆಡುಕು. ಪರ್ಸ್ ಬೇರೆ, ಟಿಕೆಟ್ ಕಮಿಷನ್ ಬೇರೆ ಎಂದು ಒಪ್ಪಂದದಲ್ಲೇ ಬರೆಯಿರಿ.

ನಡೆಸುವ ಬಗೆ ಇದು. ಐದು ವಾರ ಮೊದಲು ಪ್ರತಿ ಫೈಟರ್‌ಗೆ ನಂಬರ್ ಹಾಕಿದ 20 ಟಿಕೆಟ್, ಜೊತೆಗೆ ಆನ್‌ಲೈನ್‌ಗೆ ಅವನದೇ ಹೆಸರಿನ ಕೋಡ್ ಕೊಡಿ. ಎರಡರಲ್ಲೂ ಕಮಿಷನ್ 15%. ಟಿಕೆಟ್ ಅವನ ಜಿಮ್ಮಿನ ಒಂದೇ ಬ್ಲಾಕ್‌ನಲ್ಲಿರಲಿ. ತಮ್ಮವರ ಜೊತೆ ಕೂತವರೇ ಹಾಲ್‌ನಲ್ಲಿ ಗದ್ದಲ ಎಬ್ಬಿಸುವುದು. ಎರಡು ವಾರ ಇರುವಾಗ ಒಮ್ಮೆ ಲೆಕ್ಕ ಕೇಳಿ, ಮಾರದವನಿಂದ ಹಿಂದಕ್ಕೆ ಪಡೆದು ಮಾರುವವನಿಗೆ ಕೊಡಿ. ನಾಲ್ಕು ದಿನ ಇರುವಾಗ ಹಣ, ಉಳಿದ ಟಿಕೆಟ್ ಎರಡೂ ಬಂದುಬಿಡಬೇಕು. ಕೊನೆಯ ನಾಲ್ಕು ದಿನ ಫೈಟರ್‌ಗೆ ಮಾರಾಟದ ಕೆಲಸ ಇರಕೂಡದು.

ಫ್ರೀ ಪಾಸ್ ಹಂಚುವ ಚಟ ಸಣ್ಣ ಶೋಗಳನ್ನು ಒಳಗಿಂದ ತಿನ್ನುತ್ತದೆ. ಕೊನೆಯ ವಾರ ಕುರ್ಚಿ ಖಾಲಿ ಕಾಣಬಾರದೆಂದು 200 ಪಾಸ್ ಹಂಚಿದರೆ ದುಡ್ಡು ಕೊಟ್ಟವನು ಪಕ್ಕದಲ್ಲಿ ಪುಕ್ಕಟೆ ಬಂದವನನ್ನು ನೋಡುತ್ತಾನೆ. ಮುಂದಿನ ಸಲ ಅವನೂ ಕೊನೆಯ ವಾರಕ್ಕೆ ಕಾಯುತ್ತಾನೆ. ಹೊಸಬರನ್ನು ಕರೆಯಬೇಕಿದ್ದರೆ ಪಾಸ್ ಬೇಡ. ಗರಡಿಯ ಉಸ್ತಾದರಿಗೆ, ಜೂಡೊ, ಕರಾಟೆ ಶಿಕ್ಷಕರಿಗೆ ಹೆಸರು ಬರೆದ ಆಹ್ವಾನ ಕೊಟ್ಟು, ಅವರ ವಿದ್ಯಾರ್ಥಿಗಳಿಗೆ ಅರ್ಧ ಬೆಲೆಯ ಟಿಕೆಟ್ ಕೊಡಿ.

ಗೇಟಿನ ದುಡ್ಡು ಎಲ್ಲಿವರೆಗೆ ಬರುತ್ತದೆ

500 ಕುರ್ಚಿಯ ಹಾಲ್‌ನಲ್ಲಿ ₹400ರ 300, ₹800ರ 150, ಕೇಜ್ ಪಕ್ಕದ ₹2,000ದ 50 ಟಿಕೆಟ್ ಎಂದುಕೊಳ್ಳಿ. ಎಲ್ಲ ಮಾರಿದರೆ ₹3,40,000. ಎಲ್ಲ ಮಾರುವುದಿಲ್ಲ, 70% ಎಂದರೆ ₹2,38,000. ಇಪ್ಪತ್ತು ಫೈಟರ್‌ಗಳಿಗೆ ತಲಾ ₹8,000 ಕೊಟ್ಟರೆ ₹1,60,000 ಹೋಯಿತು. ಉಳಿದ ₹78,000ದಲ್ಲಿ ಕಮಿಷನ್, ಹಾಲ್, ಕೇಜ್ ಬಾಡಿಗೆ, ಸಾಗಣೆ, ಲೈಟು, ರೆಫರಿ, ಜಡ್ಜ್, ಡಾಕ್ಟರ್, ಆಂಬುಲೆನ್ಸ್, ವಿಮೆ. ಆಗುವ ಮಾತಲ್ಲ. ಟಿಕೆಟ್ ಹಣ ಫೈಟರ್‌ಗೂ ವೈದ್ಯಕೀಯ ವ್ಯವಸ್ಥೆಗೂ ಸಾಕಾದರೆ ಅದೇ ದೊಡ್ಡದು. ಉಳಿದದ್ದು ಸ್ಪಾನ್ಸರ್‌ನಿಂದಲೇ ಬರಬೇಕು.

ರಾಷ್ಟ್ರಮಟ್ಟದ ಕಂಪನಿಗಳ ಬಾಗಿಲು ಕಾಯುವುದು ಕಾಲಹರಣ. ಫಿಸಿಯೋಥೆರಪಿ ಕ್ಲಿನಿಕ್, ಮೂಳೆ ಆಸ್ಪತ್ರೆ, ಪ್ರೋಟೀನ್ ಪುಡಿ ಅಂಗಡಿ, ಬೈಕ್ ಶೋರೂಂ: ಇವರ ಗಿರಾಕಿಗಳೂ ನಿಮ್ಮ ಪ್ರೇಕ್ಷಕರೂ ಒಂದೇ ಜನ. ಇವರಿಗೆ ಬ್ಯಾನರ್ ಅಲ್ಲ, ಒಬ್ಬೊಬ್ಬ ಫೈಟರ್‌ನನ್ನೇ ಜೋಡಿಸಿಕೊಡಿ. ಆ ಫೈಟರ್‌ನ ಪೋಸ್ಟರ್ ಅವರ ಅಂಗಡಿಯಲ್ಲಿ ಒಂದು ತಿಂಗಳು ನಿಲ್ಲುತ್ತದೆ. ₹500ರೊಳಗಿನ ಟಿಕೆಟ್‌ಗೂ ಅದರ ಮೇಲಿನದಕ್ಕೂ ಜಿಎಸ್‌ಟಿ ಲೆಕ್ಕ ಬೇರೆಯಾಗಿರುವುದರಿಂದ ಟಿಕೆಟ್ ಅಚ್ಚು ಹಾಕಿಸುವ ಮೊದಲೇ ಆಡಿಟರ್ ಬಳಿ ಕೂತು ಬೆಲೆ ನಿಗದಿ ಮಾಡಿ.

ದಿನಾಂಕ, ಗಡಿಯಾರ

ಸಂಬಳ ಬಂದ ಮೇಲಿನ ಮೊದಲ ಶನಿವಾರ ಒಳ್ಳೆಯದು. ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್, ಮೇನಲ್ಲಿ ಐಪಿಎಲ್, ಬಿಟ್ಟುಬಿಡಿ. ಅಮೆರಿಕದ ಯುಎಫ್‌ಸಿ ನಮಗೆ ಭಾನುವಾರ ಬೆಳಿಗ್ಗೆ ಬರುವುದರಿಂದ ಶನಿವಾರ ಸಂಜೆಗೆ ಅಡ್ಡಿಯಿಲ್ಲ. ಆದರೆ ಅಬುಧಾಬಿಯ ಕಾರ್ಡ್‌ಗಳು ಶನಿವಾರ ರಾತ್ರಿಯೇ ಬರುತ್ತವೆ. ಕ್ಯಾಲೆಂಡರ್ ನೋಡಿಕೊಳ್ಳಿ.

ಶೋ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೆಟ್ಟ ಸಂದರ್ಭದ ಲೆಕ್ಕ ಹಾಕಿ. ಅಮೆಚೂರ್ ಫೈಟ್ ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ, ಒಟ್ಟು 11. ಐದು ನಿಮಿಷದ ಮೂರು ಸುತ್ತಿನ ವೃತ್ತಿಪರ ಫೈಟ್ 17. ಐದು ಸುತ್ತಿನ ಟೈಟಲ್ ಫೈಟ್ 29. ಪ್ರತಿಯೊಂದಕ್ಕೂ ಪ್ರವೇಶ, ತೀರ್ಪು, ಕೇಜ್ ಒರೆಸುವುದು ಸೇರಿ ಆರು ನಿಮಿಷ ಹೆಚ್ಚು. ಐದು ಅಮೆಚೂರ್, ನಾಲ್ಕು ವೃತ್ತಿಪರ, ಒಂದು ಟೈಟಲ್ ಎಂದರೆ 212 ನಿಮಿಷ, ವಿರಾಮ 15, ಒಟ್ಟು 227. ಸರಿಯಾಗಿ ಐದೂವರೆಗೆ ಶುರುವಾದರೆ ಎಲ್ಲ ಫೈಟ್ ತೀರ್ಪಿನವರೆಗೆ ಹೋದರೂ ಒಂಬತ್ತೂಕಾಲು ದಾಟಿದ ಹಾಗೇ ಮುಗಿಯುತ್ತದೆ; ಬಸ್ಸು, ಮೆಟ್ರೊ ಸಿಗುತ್ತವೆ. ಏಳಕ್ಕೆ ಶುರುವಾದ ಶೋದ ಮೇನ್ ಇವೆಂಟ್ ಹೊತ್ತಿಗೆ ಕುಟುಂಬದ ಜೊತೆ ಬಂದವರು ಯಾರೂ ಉಳಿದಿರುವುದಿಲ್ಲ.

ಈ ಲೆಕ್ಕ ಕೆಡಿಸುವುದು ಫೈಟ್ ಅಲ್ಲ, ಸನ್ಮಾನ. ದೀಪ ಬೆಳಗುವುದು, ಮುಖ್ಯ ಅತಿಥಿಯ ಭಾಷಣ, ಪ್ರತಿ ಸ್ಪಾನ್ಸರ್‌ಗೂ ಶಾಲು, ಹಾರ, ಫಲತಾಂಬೂಲ. ಕೈಗೆ ಪಟ್ಟಿ ಸುತ್ತಿಕೊಂಡು ಮೈ ಬಿಸಿ ಮಾಡಿಕೊಂಡ ಫೈಟರ್ ಒಳಗೆ ತಣ್ಣಗಾಗುತ್ತಾನೆ, ಪ್ರೇಕ್ಷಕನೂ ತಣ್ಣಗಾಗುತ್ತಾನೆ. ಎಲ್ಲ ಸನ್ಮಾನವೂ ವಿರಾಮದ ಹದಿನೈದು ನಿಮಿಷದೊಳಗೆ, ಭಾಷಣವಿಲ್ಲದೆ. ಅತಿಥಿಗಳಿಗೆ ಆಹ್ವಾನ ಪತ್ರಿಕೆಯಲ್ಲೇ ಇದನ್ನು ತಿಳಿಸಿದರೆ ಮುಜುಗರ ಇರುವುದಿಲ್ಲ.

ಮೊದಲ ಸಲ ಬಂದವರಿಗೆ ನೆಲದ ಹೋರಾಟ ಅರ್ಥವಾಗದೆ "ಏಳ್ರೋ ಮೇಲೆ" ಎಂದು ಕೂಗುತ್ತಾರೆ. ಶೋ ಶುರುವಿಗೆ ಇಬ್ಬರು ಕೋಚ್‌ಗಳು ಕೇಜಿನಲ್ಲಿ ಐದು ನಿಮಿಷ ನಾಲ್ಕು ಪಟ್ಟುಗಳನ್ನು ತೋರಿಸಲಿ: ಕೆಡವುವುದು, ಮೇಲೆ ಕೂರುವುದು, ಹಿಂದಿನಿಂದ ಕತ್ತು ಬಿಗಿಯುವುದು, ತೋಳು ತಿರುಚುವುದು. ಮೈಕ್ ಹಿಡಿದವನು ಕನ್ನಡದಲ್ಲಿ ಹೇಳಲಿ. ಕುಸ್ತಿ ಕಂಡವರಿಗೆ ಇಷ್ಟೇ ಸಾಕು, ಮುಂದಿನದು ಅವರಿಗೇ ತಿಳಿಯುತ್ತದೆ.

ಆಂಬುಲೆನ್ಸ್ ಎರಡು

2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ತಲೆಗೆ ಏಟು ಬಿದ್ದು ಮೈಸೂರಿನ ಯುವಕ ತೀರಿಕೊಂಡ. ಪೊಲೀಸರು ಆಯೋಜಕರ ಮೇಲೆ ಕೇಸು ದಾಖಲಿಸಿದರು. ಅಮೆರಿಕದಲ್ಲಿರುವಂತೆ ಡಾಕ್ಟರ್, ರೆಫರಿ, ಪರೀಕ್ಷೆಗಳನ್ನು ಕಡ್ಡಾಯ ಮಾಡಿ ನಿಂತು ನೋಡುವ ರಾಜ್ಯ ಅಥ್ಲೆಟಿಕ್ ಕಮಿಷನ್ ನಮ್ಮಲ್ಲಿಲ್ಲ. ಆದ್ದರಿಂದ ಹೊಣೆ ಪೂರ್ತಿ ನಿಮ್ಮದು. ಕೇಜ್ ಪಕ್ಕದಲ್ಲಿ ಫೈಟ್ ನಿಲ್ಲಿಸುವ ಅಧಿಕಾರವಿರುವ ಡಾಕ್ಟರ್, ಉಸಿರಾಟದ ಸಲಕರಣೆ ತಿಳಿದ ಸಿಬ್ಬಂದಿ, ನ್ಯೂರೊಸರ್ಜರಿ ಇರುವ ಹತ್ತಿರದ ಆಸ್ಪತ್ರೆಗೆ ಮುಂಚಿತ ಸೂಚನೆ, ಎರಡು ಆಂಬುಲೆನ್ಸ್. ಒಂದೇ ಇದ್ದರೆ ಅದು ಹೊರಟ ಕ್ಷಣ ಶೋ ನಿಲ್ಲಿಸಬೇಕಾಗುತ್ತದೆ. ನಿಲ್ಲಿಸದಿದ್ದರೆ ಅದು ಅಪರಾಧಕ್ಕೆ ಸಮ. ಪ್ರತಿ ಫೈಟ್ ಮುಗಿದ ಮೇಲೆ ಇಬ್ಬರನ್ನೂ ಪರೀಕ್ಷಿಸಿ, ವರದಿಗೆ ಸಹಿ ಹಾಕಿಸಿ. ಯಾವ ಖರ್ಚು ಕಡಿತಗೊಳಿಸಿದರೂ ಇದನ್ನು ಮುಟ್ಟಬೇಡಿ. ಮಗನನ್ನೋ ಮಗಳನ್ನೋ ಕೇಜಿಗೆ ಕಳಿಸಿ ಕೂತ ತಾಯಿ ಮೊದಲು ನೋಡುವುದು ಡಾಕ್ಟರ್ ಎಲ್ಲಿದ್ದಾರೆ ಎಂದು.

ಮುಂದಿನ ಶೋ

ಮುಂದೆ ಯುಎಫ್‌ಸಿಯ ದೊಡ್ಡ ತಾರೆಯಾದ ಐರ್ಲೆಂಡಿನ ಕೋನರ್ ಮ್ಯಾಕ್‌ಗ್ರೆಗರ್ 2012ರ ಡಿಸೆಂಬರ್ 31ರಂದು ಡಬ್ಲಿನ್‌ನಲ್ಲಿ, ಯುರೋಪಿನ ಸಣ್ಣ ಪ್ರಮೋಷನ್ ಕೇಜ್ ವಾರಿಯರ್ಸ್‌ನ ಎರಡನೆಯ ಬೆಲ್ಟ್ (ಚಾಂಪಿಯನ್ ಪಟ್ಟ) ಗೆದ್ದ. ಮುಂದಿನ ಏಪ್ರಿಲ್‌ನಲ್ಲಿ ಯುಎಫ್‌ಸಿಯಲ್ಲಿದ್ದ. ಜನ ಸೇರಿಸಬಲ್ಲ ಫೈಟರ್ ಸಿದ್ಧವಾದ ಹೊತ್ತಿಗೇ ಹೊರಟುಬಿಡುವುದು ಸಣ್ಣ ಶೋಗಳಿಗೆ ತಪ್ಪಿದ್ದಲ್ಲ. ಒಪ್ಪಂದದಲ್ಲಿ ಕಟ್ಟಿಹಾಕಿ ತಡೆಯಲು ನೋಡಬೇಡಿ. ಒಳ್ಳೆಯ ಕೋಚ್‌ಗಳು ನಿಮ್ಮ ಕಡೆ ಹುಡುಗರನ್ನು ಕಳಿಸುವುದನ್ನೇ ನಿಲ್ಲಿಸುತ್ತಾರೆ. ಮೂರು ಫೈಟ್‌ನ ಒಪ್ಪಂದ, ಯುಎಫ್‌ಸಿ ಅಥವಾ ಏಷ್ಯಾದ ಒನ್ ಚಾಂಪಿಯನ್‌ಶಿಪ್ ಕರೆದರೆ ತಕ್ಷಣ ಬಿಡುಗಡೆ, ಇಷ್ಟು ಸಾಕು. ಕೇಜ್ ವಾರಿಯರ್ಸ್ ಇಂದಿಗೂ ಮ್ಯಾಕ್‌ಗ್ರೆಗರ್ ಹೆಸರಿನಿಂದ ಹೊಸ ಫೈಟರ್‌ಗಳನ್ನು ಸೆಳೆಯುತ್ತದೆ.

ಶೋಗಳ ನಡುವೆ 12 ವಾರ ಇಡಿ. ನಾಕ್‌ಔಟ್ ಆದವನಿಗೆ ವಿಶ್ರಾಂತಿ ಕೊಡಲೇಬೇಕಾದ್ದರಿಂದ ಅದಕ್ಕಿಂತ ಬೇಗ ಅದೇ ಮುಖಗಳನ್ನು ತರಲಾಗುವುದಿಲ್ಲ. ಆರು ತಿಂಗಳು ಬಿಟ್ಟರೆ ಜನ ಮರೆಯುತ್ತಾರೆ. ಮುಂದಿನ ದಿನಾಂಕ, ಒಂದು ಖಚಿತ ಜೋಡಿ ಇವೆರಡನ್ನೂ ಮೇನ್ ಇವೆಂಟ್‌ಗೆ ಮೊದಲೇ, ಹಾಲ್ ತುಂಬಿರುವಾಗ ಕೇಜಿನಲ್ಲೇ ಪ್ರಕಟಿಸಿ. ಫೈಟರ್ ಮಾರಿದ ಟಿಕೆಟ್‌ಗಳ ಹಿಂದೆ ಕೊಂಡವರ ಹೆಸರು, ಮೊಬೈಲ್ ನಂಬರ್ ಬರೆಸಿ, ಮುಂದಿನ ಶೋಗಳ ಸಂದೇಶಕ್ಕೆ ಒಪ್ಪಿಗೆ ಕೇಳಿಕೊಳ್ಳಿ. ಸೋಮವಾರ ಸಂಜೆಯೊಳಗೆ ಪ್ರತಿ ಫೈಟ್‌ನ ವಿಡಿಯೊ ಆಯಾ ಫೈಟರ್ ಕೈಗೆ ಸಿಗಬೇಕು, ಸೋತವನಿಗೂ. ಪರ್ಸ್ ಮಾತ್ರ ಅಂದು ರಾತ್ರಿಯೇ, ಹಾಲ್ ಬಿಡುವ ಮುನ್ನ.